ಹೆರ್ಸಿಲಿಯಾಳ ಗುರುವಾರ

ಹೆರ್ಸಿಲಿಯಾ ಮರಿಂಬಾ, ಅಂದರೆ ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ, ಕಲಿಯುತ್ತಿದ್ದಾಳೆ ಅನ್ನುವ ಸುದ್ದಿ ಮನೆಯವರಿಗೆ ಗೊತ್ತಾದದ್ದು ಒಂದು ಬಟ್ಟಲು ಕೋಳಿ ಸಾರಿನಿಂದ. ಮಂಗಳವಾರ ಎಲ್ಲರೂ ಊಟಕ್ಕೆ ಕೂತಿದ್ದರು. ಹೆರ್ಸಿಲಿಯಾ ಒಂದು ಕೈಯಲ್ಲಿ ಚಮಚ ಹಿಡಿದು ಇನ್ನೊಂದು ಕೈಯ ಬೆರಳುಗಳಿಂದ ಮೇಜಿನ ಅಂಚಿಗೆ ಬಡಿಯುತ್ತಿದ್ದಳು: ಒಂದು ಜೋರಾಗಿ, ಎರಡು ಮೆಲ್ಲಗೆ. ಮೂರು ತಿಂಗಳಿಂದ ಹೀಗೆ ಬಡಿಯುತ್ತಿದ್ದರೂ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವತ್ತು ಮೊದಲ ಪೆಟ್ಟು ಕೊಂಚ ಜೋರಾಯಿತು. ಮಗ ರೊಲಾಂದೋನ ಬಟ್ಟಲು ತುಳುಕಿ ಸಾರೆಲ್ಲ ಅವನ ಮಡಿ ಅಂಗಿಯ ಮೇಲೆ ಚೆಲ್ಲಿತು.

“ಏನಮ್ಮಾ ಇದು? ಕೈ ನಡುಕ ಏನಾದ್ರೂ ಶುರುವಾಗಿದ್ಯಾ ನಿಂಗೆ?”

“ನಡುಕ ಅಲ್ಲ, ಮರಿಂಬಾ,” ಅಂದುಬಿಟ್ಟಳು ಹೆರ್ಸಿಲಿಯಾ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

“ಮರಿಂಬಾನಾ? ಯಾರ ಮರಿಂಬಾ?”

“ದೋನ್ ಉಬಾಲ್ದೋ ಅವರದ್ದು. ಮಂಗಳವಾರ ಮಂಗಳವಾರ ಹೋಗ್ತೀನಿ.”

ಸೊಸೆ ನೊಯೆಮಿ ರೊಟ್ಟಿ ಮುರಿಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು. “ಮಂಗಳವಾರ ನೀವು ಕಡುಬು ಕಟ್ಟೋ ಎಲೆ ತರೋಕೆ ಮಾರ್ಕೆಟ್ಟಿಗೆ ಹೋಗ್ತಿದ್ರಲ್ಲ ಅತ್ತೆ?”

“ಎಲೇನೂ ತರ್ತಿದ್ದೆ. ಎಲೆ ತರೋಕೆ ಎರಡು ಗಂಟೆ ಬೇಕೇನೇ?”

“ನಾನೂ ಅದೇ ಅನ್ಕೊಂಡಿದ್ದೆ. ಎಲೆಯವಳು ಇತ್ತೀಚೆಗೆ ಬಹಳ ಚೌಕಾಸಿ ಮಾಡ್ತಾಳೇನೋ ಅಂತ.”

ಹದಿನೈದು ವರ್ಷದ ಮೊಮ್ಮಗಳು ದಾಯ್ರಿನ್ ಸಾರಿನ ಬಟ್ಟಲಲ್ಲೇ ಮುಖ ಮುಚ್ಚಿಕೊಂಡು ನಕ್ಕಳು. ರೊಲಾಂದೋಗೆ ನಗು ಬರಲಿಲ್ಲ. ನಲವತ್ತು ದಾಟಿದ ಗಂಡಸು, ಸಲ್ಕಾಹಾ ದಾರಿಯಲ್ಲಿ ಮೈಕ್ರೋಬಸ್ ಓಡಿಸುವವನು, ಒದ್ದೆ ಅಂಗಿಯನ್ನು ಹೊಟ್ಟೆಯಿಂದ ದೂರ ಹಿಡಿದುಕೊಂಡು ಕೂತಿದ್ದ.

“ಅರವತ್ಮೂರು ವರ್ಷಕ್ಕೆ ಮರಿಂಬಾ? ಮರಿಂಬಾ ನುಡಿಸೋರು ಅಂದ್ರೆ ಹಾಲು ಕುಡಿಯೋ ವಯಸ್ಸಿಂದ ಕೋಲು ಹಿಡಿದಿರ್ತಾರಮ್ಮ.”

“ನಾನು ನುಡಿಸೋಳು ಅಂತ ಯಾರು ಹೇಳಿದ್ರು ನಿಂಗೆ? ದಪ್ಪ ದನಿ ಕಡೆ ನಿಂತು ನಾಲ್ಕು ಪಟ್ಟಿ ಬಡೀತೀನಿ, ಅಷ್ಟೆ. ಅಂಗಿ ಬಿಚ್ಚಿ ಕೊಡು, ಕಲೆ ಹಿಡಿಯೋಕ್ಮುಂಚೆ ನೆನೆ ಹಾಕ್ತೀನಿ.”

ಆ ರಾತ್ರಿ ವಿಷಯ ಅಲ್ಲಿಗೇ ನಿಂತಿತು. ಮಂಗಳವಾರ ಮನೆಯಲ್ಲಿ ಯಾರಿಗೂ ಅವಳಿಂದ ಏನೂ ಬೇಕಾಗಿರಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಮರಿಂಬಾ ಶುರುವಾದದ್ದು ಒಂದು ಮಂಗಳವಾರ, ಉಬಾಲ್ದೋ ಹೇಳಿ ಮಾಡಿಸಿದ್ದ ಪಾಚೆ ಕೊಡಲು ಹೋಗಿ. ಬೇಯಿಸಿದ ಆಲೂಗಡ್ಡೆಯನ್ನು ಹಿಸುಕಿ, ಕೆಂಪು ಮೆಣಸಿನ ಮಸಾಲೆ, ಹಂದಿ ಕೊಬ್ಬು, ಒಂದು ತುಂಡು ಮಾಂಸ ಸೇರಿಸಿ, ಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿ ಹಬೆಯಲ್ಲಿ ಬೇಯಿಸಿದ ಕಡುಬು ಅದು. ಹೆರ್ಸಿಲಿಯಾಳ ಪಾಚೆ ಅಂದರೆ ಆ ಬೀದಿಯಲ್ಲಿ ಎರಡು ಮಾತಿಲ್ಲ. ಉಬಾಲ್ದೋ ಎರಡು ಬೀದಿ ಆಚೆ ಇರುವ, ಈಗ ಕೆಲಸ ಬಿಟ್ಟಿರುವ ಎಲೆಕ್ಟ್ರಿಷಿಯನ್. ಮನೆ ಮುಂದಿನ ಮಾಡಿನ ಕೆಳಗೆ ಮೊದಲು ಕಾರು ನಿಲ್ಲಿಸುತ್ತಿದ್ದರು. ಕಾರು ಮಾರಿ ಅಲ್ಲಿ ಮರಿಂಬಾ ನಿಲ್ಲಿಸಿದ್ದರು. ಮೂರು ಜನ ಸಾಲಾಗಿ ನಿಂತು ನುಡಿಸುವ ಹಳೇ ಮರಿಂಬಾ. ಸಣ್ಣ ದನಿಯ ತುದಿಯಲ್ಲಿ ಉಬಾಲ್ದೋ, ನಡುವೆ ಕ್ಷೌರದಂಗಡಿಯ ಲೆಂಚೋ, ದಪ್ಪ ದನಿಯ ತುದಿಯಲ್ಲಿ ಉಬಾಲ್ದೋರ ತಮ್ಮ. ಆ ತಮ್ಮ ಮಗಳ ಮನೆಗೆಂದು ಕರಾವಳಿಗೆ ಹೋದವನು ಅಲ್ಲಿನ ಬಿಸಿಲಿಗೆ ಮನಸೋತು ಬರಲೇ ಇಲ್ಲ.

“ದೋನ್ಯಾ ಹೆರ್ಸಿಲಿಯಾ, ಈ ಎರಡು ಕೋಲು ಹಿಡ್ಕೊಳ್ಳಿ,” ಅಂದಿದ್ದರು ಉಬಾಲ್ದೋ ಅವತ್ತು. “ನಾನು ತಲೆ ಆಡಿಸಿದಾಗ ಈ ಪಟ್ಟಿ ಬಡೀರಿ. ಬೇರೆ ಏನೂ ಮಾಡ್ಬೇಡಿ.”

“ಪಾಚೆ ಆರಿ ಹೋಗುತ್ತೆ.”

“ಆರಲಿ ಬಿಡಿ.”

ಅವಳು ಬಡಿದಳು. ಮರದ ಪಟ್ಟಿಯ ಕೆಳಗೆ ಸೊಂಟದ ಎತ್ತರದ ಮರದ ಕೊಳವೆ ತೂಗುತ್ತಿತ್ತು. ಅದರ ಬುಡದಲ್ಲಿ ಮೇಣ ಹಚ್ಚಿ ಅಂಟಿಸಿದ ಹಂದಿ ಕರುಳಿನ ತೆಳು ಪೊರೆ ನಡುಗಿ ಗುಂಯ್ ಅಂದಿತು. ಆ ಗುಂಯ್ ಅವಳ ಹೊಟ್ಟೆಯೊಳಗೆ ಹೋಗಿ ಕೂತಿತು. ಜೀವಮಾನದಲ್ಲಿ ಎಷ್ಟು ಹಂದಿ ಕರುಳು ತೊಳೆದಿದ್ದಳೋ ಲೆಕ್ಕವಿಲ್ಲ, ಅದು ಹೀಗೂ ಹಾಡುತ್ತದೆ ಅಂತ ಅವಳಿಗೆ ಹೊಳೆದೇ ಇರಲಿಲ್ಲ. ಎಷ್ಟೋ ಮದುವೆಗಳಲ್ಲಿ ಮರಿಂಬಾಕ್ಕೆ ಕುಣಿದಿದ್ದಳು, ಗಂಡನ ಸಾವಿನಲ್ಲಿ ಮರಿಂಬಾ ಕೇಳುತ್ತಾ ಅತ್ತಿದ್ದಳು. ಆ ದಪ್ಪ ತುದಿಯಲ್ಲಿ ಒಬ್ಬರು ನಿಂತಿರುತ್ತಾರೆ ಅನ್ನುವುದನ್ನೇ ಯಾವತ್ತೂ ಗಮನಿಸಿರಲಿಲ್ಲ.

ಮುಂದಿನ ಮಂಗಳವಾರ ಪಾಚೆ ಇಲ್ಲದೇ ಹೋದಳು.

ಅಲ್ಲಿ ಬರೆದ ಪಾಠ ಅಂತ ಏನೂ ಇರಲಿಲ್ಲ. ಉಬಾಲ್ದೋ ಬಾಯಲ್ಲಿ ಹೇಳುವುದು, ಅವಳು ಕೈಯಲ್ಲಿ ಹಿಡಿಯುವುದು. ಮೂರರ ಎಣಿಕೆಯ ವಾಲ್ಟ್ಸ್ ಕುಣಿತವಾದರೆ ಒಂದು ಜೋರು, ಎರಡು ಮೆಲು. ಹಳೇ ಸೋನ್ ಕುಣಿತದ ಹಾಡಾದರೆ ಆರರ ಎಣಿಕೆ, ಅದರಲ್ಲಿ ಒಮ್ಮೆ ತಪ್ಪಿದರೆ ಮತ್ತೆ ಒಳಗೆ ನುಗ್ಗಲು ಸಂದು ಸಿಗುವುದಿಲ್ಲ. ಮೊದಲ ತಿಂಗಳು ಅವಳು ತಪ್ಪಿದ್ದೇ ಹೆಚ್ಚು.

“ದೋನ್ಯಾ ಹೆರ್ಸಿಲಿಯಾ, ನೀವು ಆಗ್ಲೇ ಚರ್ಚ್ ಹತ್ರ ಹೋಗ್ಬಿಟ್ರಿ,” ಅನ್ನುತ್ತಿದ್ದ ಲೆಂಚೋ. “ನಾವಿನ್ನೂ ಮನೆ ಬಾಗಿಲು ದಾಟಿಲ್ಲ. ನಿಂತ್ಕೊಳ್ಳಿ, ಬರ್ತೀವಿ.”

“ಬೇಗ ಬನ್ನಿ ಮತ್ತೆ. ಹೆಂಗಸರ ಕಡೆ ಜಾಗ ಹಿಡಿದಿಟ್ಟಿರ್ತೀನಿ.”

ಎರಡನೇ ತಿಂಗಳಲ್ಲಿ ಒಂದು ದಿನ ವಾಲ್ಟ್ಸ್ ಮೊದಲಿಂದ ಕೊನೆಯವರೆಗೆ ನಿಲ್ಲದೆ ಹೋಯಿತು. ಮೂರು ಜನರ ಆರು ಕೈಯಿಂದ ಒಂದೇ ಹಾಡು. ಅದರಲ್ಲಿ ತನ್ನ ದನಿ ಯಾವುದು ಅಂತ ಬೇರೆ ಮಾಡಿ ಹೇಳಲು ಅವಳಿಗೆ ಆಗಲಿಲ್ಲ, ಆಗದೇ ಇದ್ದದ್ದೇ ಅವಳಿಗೆ ಪರಮ ಸಂತೋಷವಾಯಿತು. ಬೇರೆ ಎಲ್ಲಾ ಕಡೆ ಅವಳು ಮಾಡಿದ್ದು ಅವಳದ್ದೇ ಅಂತ ತಿಳಿಯುತ್ತಿತ್ತು. ಉಪ್ಪು ಕಡಿಮೆಯಾದರೆ ಅವಳದ್ದು, ಅಂಗಿ ಒಣಗದಿದ್ದರೆ ಅವಳದ್ದು. ಅವತ್ತು ಮನೆಗೆ ಮರಳುವಾಗ ಮಂಡಿ ನೋವು ನೆನಪಾದದ್ದು ಮೂಲೆಯ ಔಷಧಿ ಅಂಗಡಿ ದಾಟಿದ ಮೇಲೆ.

ಜೂನ್‌ನಲ್ಲಿ ತಾಪತ್ರಯ ಶುರುವಾಯಿತು. ಲೆಂಚೋನ ಅಂಗಡಿಯ ಆಳು ಕೆಲಸ ಬಿಟ್ಟ. ಇನ್ನು ಮೇಲೆ ಲೆಂಚೋಗೆ ಬಿಡುವು ಗುರುವಾರ ಸಂಜೆ ಐದರ ಮೇಲೆ ಮಾತ್ರ.

ಅವರ ಊರು ಶೇಲಾದಲ್ಲಿ ಗುರುವಾರ ಅಂದರೆ ಪಾಚೆ. ಬೇರೆ ದಿನ ಪಾಚೆ ಮಾಡಬಾರದು ಅಂತ ಯಾರೂ ಬರೆದಿಟ್ಟಿಲ್ಲ, ಆದರೆ ಗುರುವಾರ ತಿಂದ ಹಾಗೆ ಬೇರೆ ದಿನ ಯಾರೂ ತಿನ್ನುವುದಿಲ್ಲ. ಮೂವತ್ತೊಂದು ವರ್ಷದಿಂದ ಹೆರ್ಸಿಲಿಯಾ ಗುರುವಾರ ಎಂಬತ್ತು ಪಾಚೆ ಮಾಡುತ್ತಿದ್ದಳು. ಸಂಜೆ ಐದಕ್ಕೆ ಬಾಗಿಲ ಮೇಲಿನ ಕೆಂಪು ದೀಪ ಹಚ್ಚಿದರೆ ಒಳಗೆ ಪಾಚೆ ಸಿದ್ಧ ಅಂತ. ಜನ ಪಾತ್ರೆ ಹಿಡಿದು ಬರುತ್ತಾರೆ. ಏಳರ ಹೊತ್ತಿಗೆ ಹಂಡೆ ಖಾಲಿ, ದೀಪ ಆರಿಸುವುದು. ದಾಯ್ರಿನ್‌ಳ ಶಾಲೆಯ ಫೀಸು ಆ ದುಡ್ಡಿನಿಂದಲೇ ಹೋಗುತ್ತಿತ್ತು.

“ಗುರುವಾರ ಐದರಿಂದ ಆರೂವರೆವರೆಗೆ ನಾನು ಇರಲ್ಲ,” ಅಂದಳು ಹೆರ್ಸಿಲಿಯಾ ಭಾನುವಾರದ ಊಟದಲ್ಲಿ.

“ಇರಲ್ಲ ಅಂದ್ರೆ?” ಅಂದ ರೊಲಾಂದೋ.

“ಇರಲ್ಲ ಅಂದ್ರೆ ಇರಲ್ಲ. ಮರಿಂಬಾ ಗುರುವಾರಕ್ಕೆ ಬಂತು.”

“ಬಾಗಿಲಲ್ಲಿ ಯಾರು ನಿಲ್ತಾರೆ? ನಾನಂತೂ ಇರಲ್ಲ, ಗೊತ್ತಲ್ಲ.” ಗುರುವಾರ ನಾಲ್ಕಕ್ಕೆ ಅವನು ಗಾಡಿಯನ್ನು ಪಾಲುದಾರನಿಗೆ ಒಪ್ಪಿಸಿ, ಬೂಟಿನ ಚೀಲ ಹೆಗಲಿಗೆ ಹಾಕಿ, ಉಳಿದ ಡ್ರೈವರುಗಳ ಜೊತೆ ಐದೈದು ಜನರ ಫುಟ್ಬಾಲ್ ಆಡಲು ಹೋಗುವುದು ವಾಡಿಕೆ.

“ನಾನು ಬಟ್ಟೆ ಅಂಗಡಿಯಿಂದ ಬರೋದೇ ಆರೂಕಾಲಿಗೆ,” ಅಂದಳು ನೊಯೆಮಿ. “ದಾಯ್ರಿನ್‌ಗೆ ಪರೀಕ್ಷೆ. ಓದ್ತಾ ಕೂತೋಳನ್ನ ಎಬ್ಬಿಸಿ ಬಾಗಿಲಲ್ಲಿ ನಿಲ್ಲಿಸೋದು ನಂಗೆ ಇಷ್ಟ ಇಲ್ಲ.”

“ಯಾರನ್ನೂ ನಿಲ್ಲಿಸಬೇಡ. ನಾಲ್ಕಕ್ಕೇ ಶುರು ಮಾಡ್ತೀನಿ. ಗಿರಾಕಿಗಳಿಗೆ ಹೇಳಿದ್ರೆ ಬೇಗ ಬರ್ತಾರೆ.”

“ಅತ್ತೆ, ಪಾಚೆ ರಾತ್ರಿ ಊಟಕ್ಕೆ. ನಾಲ್ಕಕ್ಕೆ ಯಾರು ತಗೊಂಡು ಹೋಗ್ತಾರೆ?”

“ನೋಡೋಣ.”

ನೋಡಿದರು. ಮೊದಲ ಗುರುವಾರ ಮೂವತ್ತು ಪಾಚೆ ಉಳಿಯಿತು. ಶುಕ್ರವಾರ ಬೆಳಿಗ್ಗೆ ಪಾಚೆ, ಮಧ್ಯಾಹ್ನ ಪಾಚೆ, ಶನಿವಾರ ಮತ್ತೆ ಪಾಚೆ. “ಅಜ್ಜಿ, ನಂಗೆ ಕನಸಲ್ಲೂ ಎಲೆ ಬಿಚ್ಚಿದ ಹಾಗಾಗುತ್ತೆ,” ಅಂದಳು ದಾಯ್ರಿನ್. ಎರಡನೇ ಗುರುವಾರವೂ ಹೆಚ್ಚು ಕಡಿಮೆ ಅದೇ ಪಾಡು. ಮೂರನೆಯದಕ್ಕೆ ಹೆರ್ಸಿಲಿಯಾ ಜಾಣತನ ಮಾಡಿ ನಲವತ್ತೇ ಕಟ್ಟಿದಳು. ಹಳೇ ಗಿರಾಕಿಗಳ ಮನೆ ಮನೆಗೆ ಹೋಗಿ ಹೇಳಿಯೂ ಬಂದಿದ್ದಳು. ಐದಕ್ಕೆ ಹತ್ತು ನಿಮಿಷ ಇರುವಾಗ ಹಂಡೆ ಖಾಲಿಯಾಯಿತು. ಖುಷಿಯಲ್ಲಿ ಅಡುಗೆ ಬಟ್ಟೆಗೆ ಕೈ ಒರೆಸಿ, ಶಾಲು ಹೊದ್ದು ಹೊರಟಳು. ಹೊರಡುವಾಗ, ಮೂವತ್ತೊಂದು ವರ್ಷ ಐದು ಗಂಟೆಗೆ ಮಾಡಿದ್ದ ಕೆಲಸವನ್ನು ಕೈ ತಾನಾಗಿ ಮಾಡಿತು. ಕೆಂಪು ದೀಪ ಹಚ್ಚಿಬಿಟ್ಟಳು.

ಅವತ್ತು ಸೋನ್ ಚೆನ್ನಾಗಿ ಕೂಡಿಬರುತ್ತಿತ್ತು. ಎರಡನೇ ಭಾಗದಲ್ಲಿ ಎಡಗೈ ಮೇಲಿನ ಸಾಲಿನ ಪಟ್ಟಿಗೆ ಹಾರಿ ಮತ್ತೆ ಕೆಳಕ್ಕೆ ಬರಬೇಕು, ಅದು ಅವಳಿಗೆ ಮೊದಲ ಸಲ ಸಿಕ್ಕಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ನೊಯೆಮಿ ನಿಂತಿದ್ದಳು. ಅಂಗಡಿಯ ಸಮವಸ್ತ್ರವನ್ನೂ ಬದಲಿಸಿರಲಿಲ್ಲ.

“ಅತ್ತೆ, ನಿಮ್ಮ ದೀಪ ಉರೀತಿದೆ,” ಅಂದಳು.

ಉಬಾಲ್ದೋ, ಲೆಂಚೋ ಇಬ್ಬರೂ ಕೋಲು ಇಳಿಸಿ ನೆಲ ನೋಡಿದರು. ಆ ಮಾತಿನ ಅರ್ಥ ಶೇಲಾದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೆರ್ಸಿಲಿಯಾ ಕೋಲುಗಳನ್ನು ಪಟ್ಟಿಯ ಮೇಲೆ ಸದ್ದಾಗದಂತೆ ಇಟ್ಟು ಸೊಸೆಯ ಹಿಂದೆ ಹೊರಟಳು.

ಮಾತೆಲ್ಲ ಮನೆಯಲ್ಲಿ ಬಂತು.

“ನಾನು ಬರೋ ಹೊತ್ತಿಗೆ ಬಾಗಿಲಲ್ಲಿ ಇಪ್ಪತ್ತು ಜನ ಕಾಯ್ತಿದ್ರು ಅತ್ತೆ. ಇಪ್ಪತ್ತು ಜನಕ್ಕೆ ಪಾಚೆ ಇಲ್ಲ ಅಂತ ನಾನು ಹೇಳ್ಬೇಕಾಯ್ತು. ದೋನ್ಯಾ ತೋಯಾ ರಾಜಧಾನಿಯಿಂದ ಬೀಗರು ಬಂದಿದ್ದಾರೆ ಅಂತ ಬೆಟ್ಟ ಇಳಿದು ಬಂದಿದ್ರು. ‘ದೀಪ ಹಚ್ಚಿ ಇಲ್ಲ ಅಂತೀಯಲ್ಲ, ತಮಾಷೆ ಮಾಡ್ತೀಯಾ’ ಅಂದ್ರು. ನಂಗೆ ಅಂದ್ರು, ನಿಮಗಲ್ಲ.”

“ತಪ್ಪಾಯ್ತು. ಮರೆತೆ.”

“ದಿನಾ ಎಂಟು ಗಂಟೆ ನಿಂತು ಬಟ್ಟೆ ಅಳೆದು ಬರ್ತೀನಿ. ಬಂದು ಈ ಮನೆ ಬಾಗಿಲಲ್ಲಿ ಬೈಗುಳ ತಿನ್ಬೇಕು. ನಿಮ್ಮ ಸಂತೋಷ ನಂಗೆ ಬೇಡ ಅಂತಲ್ಲ ಅತ್ತೆ. ಅದು ನನ್ನ ಬೆನ್ನ ಮೇಲೆ ಕೂತಿದೆ, ಅದಕ್ಕೆ ಹೇಳ್ತಿದೀನಿ.”

ರೊಲಾಂದೋ ಆಗ ತಾನೇ ಬಂದು ಬೆವರಿನ ಅಂಗಿಯಲ್ಲೇ ಕೂತಿದ್ದ. “ಸಾಕು ಬಿಡಮ್ಮ ಇನ್ನು. ಈ ವಯಸ್ಸಲ್ಲಿ ಇಬ್ಬರು ಗಂಡಸರ ಜೊತೆ ಮಾಡಿನ ಕೆಳಗೆ ನಿಂತು ಡಂಗುರ ಬಾರಿಸೋದು, ಇಲ್ಲಿ ಮನೆ ಮರ್ಯಾದೆ ಹೋಗೋದು. ನಿಲ್ಲಿಸಿಬಿಡು.”

ಹೆರ್ಸಿಲಿಯಾಗೆ ಮಗನ ಮಾತು ತಟ್ಟಲಿಲ್ಲ, ಸೊಸೆಯ ಮಾತು ತಟ್ಟಿತು. ಆ ಹುಡುಗಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

“ಆಯ್ತು, ನಿಲ್ಲಿಸ್ತೀನಿ,” ಅಂದಳು.

ಮುಂದಿನ ಎರಡು ಗುರುವಾರ ಎಂಬತ್ತು ಪಾಚೆ ಕಟ್ಟಿದಳು, ಐದಕ್ಕೆ ದೀಪ ಹಚ್ಚಿದಳು, ಏಳಕ್ಕೆ ಆರಿಸಿದಳು. ದೋನ್ಯಾ ತೋಯಾ ಮುಖ ಊದಿಸಿಕೊಂಡೇ ಬಂದು ಆರು ತೆಗೆದುಕೊಂಡು ಹೋದರು. ಮನೆ ಮೊದಲಿನ ಹಾಗಾಯಿತು. ಮೇಜಿನ ಮೇಲೆ ಬೆರಳು ಬಡಿಯುವುದೂ ನಿಂತಿತು. ಅವಳ ಕೈಗಳಿಗೆ ಮಾತ್ರ ಏನೋ ಕಳೆದುಕೊಂಡ ಹಾಗಾಗಿತ್ತು. ಪಾತ್ರೆ ತೊಳೆದ ಮೇಲೂ ತೊಳೆಯುತ್ತಿದ್ದಳು. ಅವಳಿಗೆ ಬೇಜಾರಾಗಿತ್ತು. ಯಾರ ಮೇಲೂ ಅಲ್ಲ, ಸುಮ್ಮನೆ ಬೇಜಾರು.

ಎರಡನೇ ಗುರುವಾರ ಸಂಜೆ ಉಬಾಲ್ದೋ ಪಾತ್ರೆ ಹಿಡಿದು ಬಂದರು. ನಾಲ್ಕು ಪಾಚೆ ಹಾಕಿಸಿಕೊಂಡ ಮೇಲೂ ಕದಲಲಿಲ್ಲ.

“ನಾನು ಒತ್ತಾಯ ಮಾಡೋಕೆ ಬಂದಿಲ್ಲ,” ಅಂದರು. “ನಾವಿಬ್ಬರೇ ನುಡಿಸಿ ನೋಡಿದ್ವಿ. ಲೆಂಚೋ ಹತ್ರ ಕೂದಲು ಕತ್ತರಿಸ್ಕೊಳ್ಳೋರು ಇದಕ್ಕಿಂತ ಚೆನ್ನಾಗಿ ಹಾಡ್ತಾರಂತೆ. ಚರ್ಚಿನ ಗಂಟೆ ಹೊಡಿಯೋ ದೋನ್ ಎವೆಲಿಯೋ ಇದ್ದಾರಲ್ಲ, ಅವರು ಬರ್ತೀನಿ ಅಂದಿದ್ದಾರೆ.”

“ಅವರು ಚೆನ್ನಾಗಿ ಹೊಡೀತಾರಾ?”

“ಗಂಟೆ ಚೆನ್ನಾಗಿ ಹೊಡೀತಾರೆ.” ಉಬಾಲ್ದೋ ಪಾತ್ರೆಯ ಮುಚ್ಚಳ ಸರಿ ಮಾಡಿದರು. “ಬರೋ ಗುರುವಾರದವರೆಗೆ ಬೇಡ ಅಂದಿದೀನಿ. ಅದರ ಮೇಲೆ ಆ ಜಾಗ ಖಾಲಿ ಬಿಡೋಕಾಗಲ್ಲ. ಕೊಳವೆಗಳು ಸುಮ್ಮನಿದ್ರೆ ಪೊರೆ ಒಣಗಿ ಬಿರಿಯುತ್ತೆ.”

ಅವರು ಹೋದ ಮೇಲೆ ಹೆರ್ಸಿಲಿಯಾ ಇನ್ನೂ ಹದಿನೆಂಟು ಪಾಚೆ ಮಾರಿದಳು. ಇಬ್ಬರಿಗೆ ಚಿಲ್ಲರೆ ತಪ್ಪು ಕೊಟ್ಟಳು. ಬರುವ ಗುರುವಾರ ಹೋಗದಿದ್ದರೆ ಆ ತುದಿಯಲ್ಲಿ ಎವೆಲಿಯೋ ನಿಂತಿರುತ್ತಾರೆ, ತಾನು ಇನ್ನೆಂದೂ ನಿಲ್ಲುವುದಿಲ್ಲ. ಅರವತ್ತಮೂರಕ್ಕೆ ಸಿಕ್ಕಿದ್ದು ಮತ್ತೆ ಎಪ್ಪತ್ತಕ್ಕೆ ಸಿಗುತ್ತದೆ ಅಂತ ನಂಬುವಷ್ಟು ದಡ್ಡಿಯಲ್ಲ ಅವಳು.

ಊಟಕ್ಕೆ ಎಲ್ಲರೂ ಕೂತ ಮೇಲೆ ತಾನು ಮಾತ್ರ ಕೂರದೆ ನಿಂತೇ ಹೇಳಿದಳು.

“ಬರೋ ಗುರುವಾರದಿಂದ ನಾನು ಮತ್ತೆ ಹೋಗ್ತೀನಿ.”

“ಅಮ್ಮಾ, ಈ ಮಾತು ಮುಗಿದಿತ್ತಲ್ಲ,” ಅಂದ ರೊಲಾಂದೋ.

“ನೀನು ಮುಗಿಸಿದ್ದೆ. ಕೇಳಿಸ್ಕೊ. ಮೂವತ್ತೊಂದು ವರ್ಷ ಪಾಚೆ ಮಾಡಿದೀನಿ. ನಂಗೆ ಪಾಚೆ ಮೇಲೆ ಸಿಟ್ಟಿಲ್ಲ. ನನ್ನ ಕೈಯಿಂದ ಬಂದಿದ್ದೆಲ್ಲಾ ಯಾರಾದ್ರೂ ತಿಂದಿದ್ದಾರೆ, ಇಲ್ಲಾ ಉಟ್ಟಿದ್ದಾರೆ, ಇಲ್ಲಾ ಅದ್ರಿಂದ ಫೀಸು ಕಟ್ಟಿದ್ದಾರೆ. ಆ ಮಾಡಿನ ಕೆಳಗೆ ನಾನು ಏನು ಮಾಡ್ತೀನೋ ಅದ್ರಿಂದ ಯಾರ ಹೊಟ್ಟೇನೂ ತುಂಬಲ್ಲ. ಅದಕ್ಕೇ ನಂಗದು ಇಷ್ಟ.”

ದಾಯ್ರಿನ್ ಚಮಚ ಕೆಳಗಿಟ್ಟಳು.

“ಪಾಚೆ ಮಾಡ್ತೀನಿ. ಎಂಬತ್ತಕ್ಕೆ ಎಂಬತ್ತೂ ಕಟ್ಟಿ ಬೇಯಿಸಿ ಇಡ್ತೀನಿ. ಐದಕ್ಕೆ ಹೊರಡ್ತೀನಿ. ಆಮೇಲೆ ಬಾಗಿಲಲ್ಲಿ ಯಾರು ನಿಲ್ತಾರೋ ಅದು ಈ ಮನೇದು.”

“ಅಂದ್ರೆ ನಾನೇ,” ಅಂದಳು ನೊಯೆಮಿ.

“ನಿನ್ನ ಹೆಸರು ನಾನು ಹೇಳಿಲ್ಲಮ್ಮ. ಈ ಮನೇಲಿ ನಾಲ್ಕು ಜನ ಇದೀವಿ.”

ಆಮೇಲೆ ದಾಯ್ರಿನ್, ಬೀಜಗಣಿತದ ಲೆಕ್ಕ ಬಿಡಿಸುವಷ್ಟೇ ನಿಧಾನವಾಗಿ, “ಅಪ್ಪಾ, ಗುರುವಾರ ನಾಲ್ಕಕ್ಕೆಲ್ಲ ನೀನು ಕೆಲಸ ಮುಗಿಸ್ತೀಯಲ್ಲ,” ಅಂದಳು.

“ನಂಗೆ ಆಟ ಇದೆ.”

“ಗೊತ್ತು. ಅದಕ್ಕೇ ಕೇಳ್ದೆ.”

“ಅದು ವ್ಯಾಯಾಮ. ಸಕ್ಕರೆ ಜಾಸ್ತಿ ಇದೆ ಅಂತ ಡಾಕ್ಟ್ರೇ ಹೇಳಿದ್ದು. ಮತ್ತೆ ಐದು ಜನದ ತಂಡ, ಒಬ್ಬ ಇಲ್ದಿದ್ರೆ ಆಟಾನೇ ನಡೆಯಲ್ಲ.”

“ನಮ್ದು ಮೂರು ಜನದ ತಂಡ,” ಅಂದಳು ಹೆರ್ಸಿಲಿಯಾ.

ರೊಲಾಂದೋ ಹೆಂಡತಿಯ ಮುಖ ನೋಡಿದ. ನೊಯೆಮಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಎದ್ದು ಹೋದಳು. ಅವಳು ಯಾರ ಪಕ್ಷ ಅಂತ ಆ ರಾತ್ರಿ ಯಾರಿಗೂ ತಿಳಿಯಲಿಲ್ಲ.

ಗುರುವಾರ ಬಂತು. ಹೆರ್ಸಿಲಿಯಾ ಬೆಳಗಿನಿಂದ ಆಲೂಗಡ್ಡೆ ಬೇಯಿಸಿ, ಹಿಸುಕಿ, ಎಂಬತ್ತು ಕಟ್ಟಿ ಹಂಡೆಗೆ ಏರಿಸಿದಳು. ನಾಲ್ಕೂಕಾಲಿಗೆ ರೊಲಾಂದೋ ಒಳಗೆ ಬಂದ. ಬೂಟಿನ ಚೀಲ ತೆಗೆದುಕೊಂಡ. “ಇವತ್ತು ಮೊದಲೇ ಒಪ್ಕೊಂಡಿದ್ದೆ,” ಅಂತ ಬಾಗಿಲಿಗೆ ಹೇಳಿ ಹೋದ. ದಾಯ್ರಿನ್ ಗೆಳತಿಯ ಮನೆಯಲ್ಲಿ ಓದಲು ಕೂತಿದ್ದಳು. ಐದಕ್ಕೆ ಐದು ನಿಮಿಷ ಇರುವಾಗ ಮನೆಯಲ್ಲಿ ಹೆರ್ಸಿಲಿಯಾ ಮತ್ತು ಎಂಬತ್ತು ಪಾಚೆ ಮಾತ್ರ ಇದ್ದವು.

ಅವಳು ಒಲೆ ಸಣ್ಣ ಮಾಡಿದಳು. ಕೆಂಪು ದೀಪ ಹಚ್ಚಲಿಲ್ಲ. ಈ ಸಲ ಕೈಗೆ ಬುದ್ಧಿ ಹೇಳಿಯೇ ಹೊರಟಳು.

“ಎವೆಲಿಯೋಗೆ ಗಂಟೆ ಹೊಡಿಯೋಕೆ ಹೇಳಿ ಕಳಿಸ್ಲಾ?” ಅಂತ ಕೇಳಿದ ಲೆಂಚೋ, ಅವಳನ್ನು ಗೇಟಿನಲ್ಲಿ ಕಂಡು.

“ಹೇಳಿ. ಚರ್ಚಲ್ಲೇ ಹೊಡೀಲಿ.”

ಎರಡು ವಾರ ಬಿಟ್ಟಿದ್ದರಿಂದ ವಾಲ್ಟ್ಸ್‌ನಲ್ಲಿ ಎರಡು ಸಲ ಜಾರಿದಳು. ಮನಸ್ಸು ಮನೆ ಬಾಗಿಲಿಗೆ ಹೋಗಿ ಹೋಗಿ ಬರುತ್ತಿತ್ತು. ದೋನ್ಯಾ ತೋಯಾ ಬಂದಿರುತ್ತಾರೆ, ಕತ್ತಲ ಬಾಗಿಲು ನೋಡಿರುತ್ತಾರೆ. ಆಮೇಲೆ ಉಬಾಲ್ದೋ ಸೋನ್ ಎತ್ತಿಕೊಂಡರು. ಆರರ ಎಣಿಕೆ ಶುರುವಾದ ಮೇಲೆ ಬೇರೆ ಏನನ್ನೂ ಯೋಚಿಸಲು ಪುರುಸೊತ್ತಿರಲಿಲ್ಲ. ಎರಡನೇ ಭಾಗ ಬಂತು, ಎಡಗೈ ಹಾರಿತು, ಸರಿಯಾದ ಪಟ್ಟಿಯ ಮೇಲೇ ಇಳಿಯಿತು. ಲೆಂಚೋ ಪಕ್ಕದಿಂದ “ಹೂಂ” ಅಂದ. ಕೊಳವೆಯ ಗುಂಯ್ ಸೊಂಟಕ್ಕೆ, ಹೊಟ್ಟೆಗೆ, ಎದೆಗೆ ಏರಿತು. ಉಬಾಲ್ದೋ ಮುಗಿಸಬೇಕಾದಲ್ಲಿ ಮುಗಿಸದೆ ಮತ್ತೆ ಮೊದಲಿಗೆ ಹೊರಳಿದರು, ಅವಳೂ ಹೊರಳಿದಳು. ಹೀಗೆ ನಾಲ್ಕು ಸಲ. ಯಾರೂ ಕೇಳುತ್ತಿರಲಿಲ್ಲ, ಯಾರೂ ಕುಣಿಯುತ್ತಿರಲಿಲ್ಲ. ಬೀದಿಯಲ್ಲಿ ಒಬ್ಬ ಹೆಂಗಸು ನಾಯಿ ಹಿಡಿದುಕೊಂಡು ಹೋದಳು, ಅಷ್ಟೆ. ಹೆರ್ಸಿಲಿಯಾ ಸುಖವಾಗಿದ್ದಳು. ಅವಳು ಅದನ್ನು ಮನಸ್ಸಿನಲ್ಲಿ ಅದೇ ಮಾತಿನಲ್ಲಿ ಹೇಳಿಕೊಂಡಳು.

ಏಳರ ಹೊತ್ತಿಗೆ ಮನೆಗೆ ಬಂದಾಗ ಬಾಗಿಲ ಮೇಲೆ ಕತ್ತಲೆ. ಒಳಗೆ ನೊಯೆಮಿ ಚಪ್ಪಲಿ ಬಿಚ್ಚಿ, ಎರಡು ಕಾಲನ್ನೂ ಸ್ಟೂಲಿನ ಮೇಲೆ ಚಾಚಿ, ಕಾಫಿ ಇಟ್ಟುಕೊಂಡು ಪಾಚೆ ತಿನ್ನುತ್ತಿದ್ದಳು. ಇಷ್ಟು ವರ್ಷದಲ್ಲಿ ಈ ಹೊತ್ತಿಗೆ ಅವಳು ಹಾಗೆ ಕೂತದ್ದನ್ನು ಹೆರ್ಸಿಲಿಯಾ ಕಂಡಿರಲಿಲ್ಲ.

“ಯಾರೂ ಬರಲಿಲ್ವಾ?”

“ಬಂದ್ರು. ದೀಪ ಇಲ್ಲದ್ದು ನೋಡಿ ಹೋದ್ರು. ನಾನು ಹಚ್ಚಲಿಲ್ಲ.”

“ಗುಂಡಿ ಒತ್ತೋದಷ್ಟೇ ಇತ್ತಲ್ಲೇ.”

“ನೀವು ಹೋಗ್ತಾ ಯಾಕೆ ಒತ್ತಿಲ್ಲ?”

“ಒತ್ತಿದ್ರೆ ಎಲ್ಲಾ ನಿನ್ನ ತಲೆ ಮೇಲೆ ಬೀಳ್ತಿತ್ತು.”

“ಅದೇ ಮತ್ತೆ. ಇವತ್ತು ನಾನು ಒತ್ತಿದ್ರೆ ಇನ್ನು ಪ್ರತಿ ಗುರುವಾರಾನೂ ನಂದೇ ಆಗ್ತಿತ್ತು.” ನೊಯೆಮಿ ಕಾಲು ತೆಗೆದು ಸ್ಟೂಲನ್ನು ಅತ್ತೆಯ ಕಡೆ ತಳ್ಳಿದಳು. “ಕೂತ್ಕೊಳ್ಳಿ. ಒಂದು ಪಾಚೆ ತಿನ್ನಿ. ಇನ್ನೂ ಎಪ್ಪತ್ತೆಂಟು ಇದೆ.”

ಹೆರ್ಸಿಲಿಯಾ ಕೂತಳು. ಮೊದಲು ನಕ್ಕದ್ದು ಯಾರೋ, ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. ಎಂಟಕ್ಕೆ ರೊಲಾಂದೋ ಹಸಿದು ಬಂದವನು ಹಂಡೆಯ ಮುಚ್ಚಳ ಎತ್ತಿ ನೋಡಿ ಹಾಗೇ ನಿಂತ.

“ಇದೇನು, ಒಂದೂ ಮಾರಿಲ್ವಾ?”

“ಬಾಗಿಲಲ್ಲಿ ನಿಲ್ಲೋರು ಫುಟ್ಬಾಲ್ ಆಡೋಕೆ ಹೋಗಿದ್ರಂತೆ,” ಅಂದಳು ನೊಯೆಮಿ. “ಬೆಳಿಗ್ಗೆ ಬಿಸಿ ಮಾಡಿ ನಿನ್ನ ಗಾಡೀಲಿ ಇಡ್ತೀನಿ. ಮಿನರ್ವಾ ನಿಲ್ದಾಣದಲ್ಲಿ ಮಾರು.”

“ಶುಕ್ರವಾರ ಪಾಚೆನಾ? ನಂಗೆ ಹುಚ್ಚು ಹಿಡಿದಿದೆ ಅಂತಾರೆ.”

“ಹಾಗಾದ್ರೆ ನೀನೇ ತಿನ್ನು. ಡಾಕ್ಟ್ರು ಏನಂತಾರೋ ಕೇಳು.”

ಮಾರಿದ. ಅರ್ಧ ಬೆಲೆಗೆ, ಟಿಕೆಟ್ ಕೊಟ್ಟ ಹಾಗೆ ಕಿಟಕಿಯಿಂದ ಕೈ ಚಾಚಿ ಮಾರಿದ. ಸಂಜೆಯ ಹೊತ್ತಿಗೆ ನಿಲ್ದಾಣದ ಡ್ರೈವರುಗಳೆಲ್ಲ ಅವನಿಗೆ ‘ಶುಕ್ರವಾರದ ಪಾಚೆ’ ಅಂತ ಹೆಸರಿಟ್ಟಾಗಿತ್ತು. ಮನೆಗೆ ಬಂದು ಖಾಲಿ ಹಂಡೆಯನ್ನು ಸದ್ದು ಮಾಡಿ ಇಟ್ಟ. ನಾಲ್ಕು ದಿನ ಹೂಂ, ಉಹೂಂ ಬಿಟ್ಟು ಬೇರೆ ಮಾತಿಲ್ಲ. ಯಾರೂ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಬುಧವಾರ ಊಟದಲ್ಲಿ ಯಾರೂ ಕೇಳದೆಯೇ, “ಆಟ ಏಳೂವರೆಗೆ ಹಾಕಿಸಿದೀನಿ,” ಅಂದ. ನೊಯೆಮಿ ಅವನ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕಿದಳು.

ಗುರುವಾರ ನಾಲ್ಕೂವರೆಗೆ ಅವನು ಬಂದ. ಕೈ ತೊಳೆದ. ಹೆಂಡತಿಯ ಅಡುಗೆ ಬಟ್ಟೆಯನ್ನು ಸೊಂಟಕ್ಕೆ ಕಟ್ಟಿಕೊಂಡ, ಅದು ಹೊಟ್ಟೆಯ ಸುತ್ತ ಬರದೆ ಪಕ್ಕಕ್ಕೆ ಗಂಟು ಹಾಕಿಕೊಂಡ. ಚಿಲ್ಲರೆ ಡಬ್ಬಿ ತಂದು ಬಾಗಿಲ ಹತ್ತಿರದ ಮಣೆಯ ಮೇಲಿಟ್ಟ. ಹೆರ್ಸಿಲಿಯಾ ಹಂಡೆ ಇಳಿಸಿ, ಮುಖ ತೊಳೆದು, ಶಾಲು ಹೊದ್ದುಕೊಳ್ಳುತ್ತಿದ್ದಳು. ಅವನು ಹೊರಗೆ ಹೋಗಿ ಬಾಗಿಲ ಮೇಲೆ ನೋಡಿದ, ಒಳಗೆ ಬಂದು ಗೋಡೆ ನೋಡಿದ, ಮತ್ತೆ ಹೊರಗೆ ಹೋದ.

“ಅಮ್ಮಾ.”

“ಏನಪ್ಪಾ?”

“ಈ ಕೆಂಪು ದೀಪದ ಗುಂಡಿ ಎಲ್ಲಿದೆ?”

ಅವನು ಹುಟ್ಟಿದ್ದು ಆ ಮನೆಯಲ್ಲಿ. ಆ ದೀಪ ಹಾಕಿಸಿದಾಗ ಅವನಿಗೆ ಹತ್ತು ವರ್ಷ. ಹೆರ್ಸಿಲಿಯಾ ತಾನೇ ಹೋಗಿ ಒತ್ತಿಬಿಡಲು ಒಂದು ಹೆಜ್ಜೆ ಇಟ್ಟಳು. ಗಡಿಯಾರದಲ್ಲಿ ಐದಕ್ಕೆ ಎರಡೇ ನಿಮಿಷ ಇತ್ತು.

“ಹುಡುಕಪ್ಪಾ,” ಅಂದಳು. “ಇದೇ ಮನೇಲಿದೆ.”

ಅಂದು ಬಾಗಿಲು ದಾಟಿದಳು.